‘ನಾಳೆ 22 ಮಿಷನರಿಗಳಿಗೆ ಮರಣದಂಡನೆ’ ಸಂದೇಶದ ಬಗ್ಗೆ ಸ್ಪಷ್ಟನೆ

‘ಅಫ್ಘಾನಿಸ್ತಾನದಲ್ಲಿ 22 ಮಿಷನರಿಗಳನ್ನು ನಾಳೆ ಮಧ್ಯಾಹ್ನ ಕೊಲ್ಲುತ್ತಾರೆ, ತುರ್ತಾಗಿ ಪ್ರಾರ್ಥಿಸಿ’ ಎಂಬ ವಾಟ್ಸ್‌ಆ್ಯಪ್ ಸಂದೇಶ ಕ್ರೈಸ್ತ ಸಭೆಗಳ (ಚರ್ಚ್‌ಗಳ) ಗುಂಪುಗಳಲ್ಲಿ ಓಡಾಡುತ್ತಿದೆ. ಇದು ಸುಳ್ಳು, ಹಳೆಯದೂ ಹೌದು. ‘ನಾಳೆ’ ಎಂದಿರುತ್ತದೆಯೇ ಹೊರತು ತಾರೀಕು, ಊರು, ಹೆಸರು ಯಾವುದೂ ಇರುವುದಿಲ್ಲ. ಹಾಗಾಗಿಯೇ ವರ್ಷಗಟ್ಟಲೆ ಹಳಸದೆ ತಿರುಗುತ್ತಿದೆ.

ಇದನ್ನೇ ಹೋಲುವ ನಿಜ ಘಟನೆ ನಡೆದದ್ದು 2007ರಲ್ಲಿ. ಜುಲೈ 19ರಂದು ಕಾಬೂಲಿನಿಂದ ಕಂದಹಾರಿಗೆ ಬಸ್ಸಿನಲ್ಲಿ ಹೊರಟಿದ್ದ ದಕ್ಷಿಣ ಕೊರಿಯಾದ ಒಂದು ಸಭೆಯ 23 ಸ್ವಯಂಸೇವಕರನ್ನು ಗಜ್ನಿ ಪ್ರಾಂತ್ಯದಲ್ಲಿ ತಾಲಿಬಾನ್ ಅಪಹರಿಸಿತು. 16 ಮಂದಿ ಹೆಂಗಸರು, 7 ಮಂದಿ ಗಂಡಸರು. ಪಾಸ್ಟರ್ ಬೇ ಹ್ಯೊಂಗ್-ಗ್ಯು ಮತ್ತು ಶಿಮ್ ಸೊಂಗ್-ಮಿನ್ ಕೊಲೆಯಾದರು. ಉಳಿದ 21 ಮಂದಿ ಆಗಸ್ಟ್ ಕೊನೆಯೊಳಗೆ ಬಿಡುಗಡೆಯಾದರು. ಪ್ರಯಾಣ ಬೇಡವೆಂದು ಕೊರಿಯಾ ಸರ್ಕಾರ ಮೊದಲೇ ಎಚ್ಚರಿಸಿತ್ತು. ಆ ಸ್ವಯಂಸೇವಕರ ಧೈರ್ಯದ ಜೊತೆಗೆ ಈ ಎಚ್ಚರಿಕೆಯ ಪಾಠವನ್ನೂ ಕಲಿಯಬೇಕು.

ಅಫ್ಘಾನ್ ಕ್ರೈಸ್ತರ ಸಂಕಟ ನಿಜವೇ. ಅಲ್ಲಿ ಅವರು ಗುಟ್ಟಾಗಿ ಬದುಕುತ್ತಾರೆ. ಆದ್ದರಿಂದಲೇ ಸುಳ್ಳು ಸಂದೇಶದಿಂದ ಹಾನಿ ಹೆಚ್ಚು: ಇದು ಬಯಲಾದ ಮೇಲೆ ನಿಜವಾದ ಮೊರೆಯನ್ನೂ ಜನ ನಂಬುವುದಿಲ್ಲ. ಫಾರ್ವರ್ಡ್ ಮಾಡುವ ಮುನ್ನ ಊರು, ತಾರೀಕು, ಮೂಲ ಸುದ್ದಿಸಂಸ್ಥೆ ಮೂರೂ ಇವೆಯೇ ನೋಡಿ. ಒಂದು ಸಾಲನ್ನು ಗೂಗಲ್‌ನಲ್ಲಿ ಹಾಕಿದರೆ ಹಳೆಯ ಪ್ರತಿಗಳು ಸಿಗುತ್ತವೆ. ನಿಜ ಸುದ್ದಿಯಾದರೂ ಗುಟ್ಟಾಗಿ ಕ್ರಿಸ್ತನನ್ನು ನಂಬಿದವರ ಹೆಸರು, ಮುಖ, ಕೂಡುವ ಮನೆಯ ಫೋಟೊ ಕಳಿಸಲೇಬೇಡಿ. ಯಾರದೋ ಫೋನು ಜಪ್ತಿಯಾದರೆ ಹಾಗೆ ನಂಬಿದವರ ಜೀವಕ್ಕೇ ಕುತ್ತು. ಸೆರೆಯಲ್ಲಿರುವವರನ್ನು ಅವರ ಜೊತೆ ಸೆರೆಯಲ್ಲಿದ್ದಂತೆ ನೆನೆಯಿರಿ ಎನ್ನುತ್ತದೆ ಬೈಬಲಿನ ಇಬ್ರಿಯರಿಗೆ 13:3. ಅದಕ್ಕೆ ಹೆಸರು ಬೇಕಿಲ್ಲ, ‘ಕಾಬೂಲಿನ ಒಂದು ಕುಟುಂಬ’ ಎಂದರೆ ಸಾಕು.