ಅತ್ತೆ ಪಕ್ಕದಲ್ಲೇ ಕೂತಿದ್ದರೆ ಸೊಸೆ ಏನು ಹೇಳಬೇಕು?

ನಾವಿರುವುದು ಇಂಗ್ಲೆಂಡಿನ ಲೀಡ್ಸ್‌ನಲ್ಲಿ. ಮೊನ್ನೆ ಇಲ್ಲಿನ ಅಪರಾಧ ಸರ್ವೆಯ ಹೆಂಗಸೊಬ್ಬರು ಮನೆಗೆ ಬಂದಿದ್ದರು. ಪೊಲೀಸರ ತನಕ ಹೋಗದ ಅಪರಾಧ ಎಷ್ಟಿದೆ ಅಂತ ಜನರನ್ನೇ ಕೇಳಿ ತಿಳಿಯುವ ಸರ್ವೆ ಇದು. 1982ರಲ್ಲಿ ಶುರುವಾದದ್ದು. ಮನೆಗೆ ಒಬ್ಬರನ್ನು ಆರಿಸುತ್ತಾರೆ, ನಮ್ಮಲ್ಲಿ ನನ್ನ ಹೆಂಡತಿಯ ಸರದಿ ಬಂತು. ಕಳ್ಳತನದ ಪ್ರಶ್ನೆಗಳನ್ನೆಲ್ಲ ಬಾಯಲ್ಲೇ ಕೇಳಿದರು. ಗಂಡ ಕೈ ಮಾಡಿದ್ದಾನಾ ಎಂಬಂಥ ಪ್ರಶ್ನೆ ಬಂದಾಗ ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದರು. "ನೀವೇ ಓದಿ, ನೀವೇ ಒತ್ತಿ, ನಾನೂ ನೋಡುವುದಿಲ್ಲ" ಅಂದರು. ನನ್ನನ್ನು ಅಡುಗೆಮನೆಗೆ ಕಳಿಸಿದರು. ನನಗೆ ಬೇಜಾರಾಗಲಿಲ್ಲ, ತುಂಬಾ ಖುಷಿಯಾಯಿತು.

ದಾವಣಗೆರೆಯಲ್ಲಿ ಅಕ್ಕನ ಮನೆಗೆ ಹೋಗಿದ್ದಾಗಲೂ ಇಂಥದ್ದೇ ಒಂದು ಸರ್ವೆಯವರು ಬಂದಿದ್ದರು. "ಹೆಸರು ಬರೆಯಲ್ಲ, ಭಯ ಬೇಡ" ಅಂದರು. ಪಡಸಾಲೆಯಲ್ಲಿ ಅಕ್ಕನ ಅತ್ತೆ ಕೂತಿದ್ದರು. ಪಕ್ಕದ ಮನೆಯವರು ಏನು ನಡೀತಿದೆ ಅಂತ ನೋಡಲು ಬಂದು ನಿಂತಿದ್ದರು. ಎಲ್ಲರ ಎದುರೇ ಗಟ್ಟಿಯಾಗಿ ಓದಿದರು: "ಗಂಡ ಹೊಡೀತಾರೇನಮ್ಮಾ?" ಅಕ್ಕ ಬಾಯಿ ತೆರೆಯುವ ಮೊದಲೇ ಅತ್ತೆಯವರು "ಅಯ್ಯೋ, ನಮ್ಮ ಮನ್ಯಾಗ ಅಂಥದ್ದೆಲ್ಲ ಇಲ್ಲವ್ವಾ" ಅಂದುಬಿಟ್ಟರು. 'ಇಲ್ಲ' ಅಂತ ಟಿಕ್ ಬಿತ್ತು. ಬಂದವರು ಮಜ್ಜಿಗೆ ಕುಡಿದು ಹೋದರು.

ಹೆಸರು ಬರೆಯದಿದ್ದರೆ ಸಾಕು, ಜನ ನಿಜ ಹೇಳುತ್ತಾರೆ ಅಂತ ನಮ್ಮವರು ನಂಬಿದ್ದಾರೆ. ಯಾವುದೋ ಕಡತದಲ್ಲಿ ಹೆಸರು ಸೇರುತ್ತದೆ ಅಂತ ಯಾವ ಸೊಸೆ ಹೆದರುತ್ತಾಳೆ? ಅವಳ ಹೆದರಿಕೆ ಬಾಗಿಲ ಹಿಂದೆ ನಿಂತವರದ್ದು. ಅವರು ರಾತ್ರಿ ಮಗನ ಕಿವಿಗೆ ಹಾಕಿದರೆ ಮುಗೀತು, ಅಲ್ವಾ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. 2015-16ರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಅಂದ ಮಹಿಳೆಯರು ಕರ್ನಾಟಕದಲ್ಲಿ ಶೇ. 20.6. 2019-21ರ ಸಮೀಕ್ಷೆಯಲ್ಲಿ ಶೇ. 44.4! ಅಷ್ಟರಲ್ಲೇ ನಮ್ಮ ಗಂಡಸರು ಎರಡು ಪಟ್ಟು ಕೆಟ್ಟರೇ? ನನಗೆ ಹಾಗನಿಸುವುದಿಲ್ಲ. ಮೊದಲ ಸಲ ಬಹಳ ಮಂದಿ ಬಾಯಿ ಬಿಡಲಿಲ್ಲ ಅಂತಲೇ ನನ್ನ ಅನುಮಾನ. ಎರಡನೇ ಸಲವೂ ಎಲ್ಲರೂ ಬಿಟ್ಟಿರಲಾರರು. ಊರಿನ ಗೆಳೆಯರಿಗೆ ಇದನ್ನು ಹೇಳಿದರೆ "ಸುಮ್ನೆ ನಮ್ಮ ರಾಜ್ಯದ ಮಾನ ಕಳೀತಿದ್ದಾರೆ" ಅಂತಾರೆ. ಆಗ ಸಿಟ್ಟು ಬರುತ್ತದೆ.

ಒಂದು ಮಾತು ಒಪ್ಪಲೇಬೇಕು. ಆ ಸಮೀಕ್ಷೆಗೂ ಗಟ್ಟಿ ನಿಯಮವಿದೆ. ಹಿಂಸೆಯ ಪ್ರಶ್ನೆಗಳನ್ನು ಮನೆಯಲ್ಲಿ ಒಬ್ಬಳನ್ನೇ ಕೇಳಬೇಕು, ಬೇರೆಯವರು ಇರಬಾರದು, ಏಕಾಂತ ಸಿಗದಿದ್ದರೆ ಕೇಳಲೇಬಾರದು. ಆದರೆ ನಮ್ಮ ಮನೆಗಳಲ್ಲಿ ಏಕಾಂತ ಅನ್ನುವುದನ್ನು ಎಲ್ಲಿಂದ ತರುವುದು?

ಇಲ್ಲಿನದೂ ಪೂರ್ತಿ ಸರಿಯಿಲ್ಲ. ಗಂಡನ ಕಾಟ ತಾಳದೆ ಓಡಿಹೋಗಿ ಆಶ್ರಯಧಾಮ ಸೇರಿದವಳನ್ನು ಲೀಡ್ಸ್‌ನಲ್ಲೂ ಈ ಸರ್ವೆ ಕೇಳುವುದಿಲ್ಲ. ಅದು ಹೋಗುವುದು ಮನೆಗಳಿಗೆ ಮಾತ್ರ. ಇಲ್ಲಿನ ಶಾಲಾ ಮಕ್ಕಳ ಡ್ರಗ್ಸ್ ಸರ್ವೆಯಲ್ಲಿ 'ಸೆಮೆರಾನ್' ಅಂತ ಇಲ್ಲದ ಡ್ರಗ್ಸ್ ಒಂದರ ಹೆಸರನ್ನೂ ಸೇರಿಸಿದ್ದುಂಟು. ಸುಮ್ನೆ ಟಿಕ್ ಹಾಕುವವರು ಯಾರು ಅಂತ ತಿಳಿಯಲು. ಅಂದರೆ ಗುಟ್ಟಾಗಿ ಕೇಳಿದರೂ ಸುಳ್ಳು ಬರುತ್ತದೆ ಅಂತ ಇವರಿಗೂ ಗೊತ್ತು.

ಇನ್ನು, ಓದಲು ಬಾರದವರ ಕಡೆಗೆ ಲ್ಯಾಪ್‌ಟಾಪ್ ತಿರುಗಿಸಿ ಏನು ಪ್ರಯೋಜನ? ಅಂಥವರ ಕಿವಿಗೆ ಹೆಡ್‌ಫೋನ್ ಕೊಡಿ. ಅವರ ಊರಿನ ಕನ್ನಡದಲ್ಲೇ ಪ್ರಶ್ನೆ ಕೇಳಿಸಲಿ. ಹೌದಕ್ಕೆ ಒಂದು ಬಣ್ಣದ ಬಟನ್, ಇಲ್ಲಕ್ಕೆ ಇನ್ನೊಂದು. ಅತ್ತೆ ಪಕ್ಕದಲ್ಲೇ ಕೂತಿದ್ದರೂ ಪ್ರಶ್ನೆ ಅವರಿಗೆ ಕೇಳಿಸುವುದಿಲ್ಲ.