ಬಾಳಿಕೆ ಬರೋದು ಬೆಳ್ಳಿ ಮಾತ್ರ ಅಲ್ಲ

ನಿಶ್ಚಿತಾರ್ಥಕ್ಕೆ ಬಾಳಿಕೆ ಬರುವ ಉಡುಗೊರೆ ಅಂದ್ರೆ ಬೆಳ್ಳಿ ಸಾಮಾನು ಮಾತ್ರ ಅಂತ ಲೇಖನದಲ್ಲಿ ಬರೆದಿದ್ದೀರಿ. ಇದನ್ನು ನಾನು ಒಪ್ಪುವುದಿಲ್ಲ. ನಮ್ಮ ಮಂಡ್ಯ ಕಡೆ ಮುಯ್ಯಿಗೆ ಬಂದ ಬೆಳ್ಳಿ ಲೋಟ, ಕುಂಕುಮದ ಬಟ್ಟಲು ಸೀದಾ ಬೀರು ಸೇರುತ್ತವೆ. ಇಲ್ಲಾಂದ್ರೆ ಮುಂದಿನ ಮದುವೆಗೆ ಹಾಗೇ ದಾಟಿ ಹೋಗುತ್ತವೆ. ದಿನಾ ಕಣ್ಣಿಗೆ ಬೀಳದ ವಸ್ತು ಎಷ್ಟು ವರ್ಷ ಉಳಿದರೇನು?

12 ವರ್ಷದ ಹಿಂದೆ ನನ್ನ ತಂಗಿಯ ನಿಶ್ಚಿತಾರ್ಥಕ್ಕೆ ಸೋದರಮಾವ ಮೈಸೂರಿನಿಂದ ಬೀಟೆ ಮರದ ಇನ್‌ಲೇ ಫಲಕ ತಂದಿದ್ದರು. ಎತ್ತಿನ ಗಾಡಿ, ಪಕ್ಕದಲ್ಲೊಂದು ತೆಂಗಿನ ಮರ. ಅದರಲ್ಲಿ ಬಣ್ಣ ಬಳಿದದ್ದು ಏನೂ ಇಲ್ಲ. ಬೇರೆ ಬೇರೆ ಮರದ ಚೂರುಗಳನ್ನು ಸಣ್ಣ ಗರಗಸದಲ್ಲಿ ಕೊಯ್ದು, ಬೀಟೆಯಲ್ಲಿ ಅದೇ ಆಕಾರಕ್ಕೆ ಕೆತ್ತಿದ ಗುಳಿಯೊಳಗೆ ಕೂರಿಸಿ ಅಂಟಿಸಿದ್ದು. ಎತ್ತಿನ ಕೊಂಬಿನ ಮೇಲೆ ಬೆರಳಾಡಿಸಿದರೆ ಎಲ್ಲೂ ತಡೆಯುವುದಿಲ್ಲ, ಅಷ್ಟು ನುಣುಪು. ಇವತ್ತಿಗೂ ಅವರ ಹಾಲ್‌ನಲ್ಲೇ ಇದೆ. ಎರಡು ಬಾಡಿಗೆ ಮನೆ ಬದಲಿಸಿದಾಗಲೂ ತಂಗಿ ಅದನ್ನು ತನ್ನ ಸೀರೆಯಲ್ಲಿ ಸುತ್ತಿ ಮಡಿಲಲ್ಲೇ ಇಟ್ಟುಕೊಂಡು ಹೋದಳು. ನೀರು, ನೇರ ಬಿಸಿಲು ತಾಗದ ಹಾಗೆ ನೋಡಿಕೊಂಡು ಒಣ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಮೈಸೂರು ಅರಮನೆಯ ಬೀಟೆ ಬಾಗಿಲಿನಲ್ಲಿ ದಂತದ ಇನ್‌ಲೇ ನೋಡಿರುತ್ತೀರಿ, ಅದೇ ಕಸುಬು ಇದು. ಈಗ ದಂತ ಬಳಸುವ ಹಾಗಿಲ್ಲ, ಬಳಸಲೂಬಾರದು. ಜಿಐ ಗುರುತು, ಅಂದ್ರೆ ಇದು ಈ ಊರಿನದೇ ಕಸುಬು ಅಂತ ಹೇಳುವ ಭೌಗೋಳಿಕ ಸೂಚಕವೂ ಮೈಸೂರು ಇನ್‌ಲೇಗೆ ಸಿಕ್ಕಿದೆ. ಆದರೆ ಕೊಳ್ಳುವಾಗ ಹುಷಾರು. ಮರದ ಮೇಲೆ ಸುಮ್ನೆ ಚಿತ್ರ ಅಂಟಿಸಿ ಪಾಲಿಶ್ ಹೊಡೆದವೂ ಸಿಗುತ್ತವೆ. ಪ್ರತಿ ಚೂರಿನಲ್ಲೂ ಮರದ ಗೆರೆ ಬೇರೆ ಬೇರೆ ಕಡೆಗೆ ಓಡುತ್ತಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ.