ಹಳದಿ ನೋಡಲು ಒಂದು ಅರ್ಜಿ

ನಮ್ಮ ಮನೆಯಲ್ಲಿ ಹಳದಿ ಅಂದರೆ ಬಣ್ಣವಲ್ಲ, ರೋಗ. "ಅವರ ತೋಟಕ್ಕೆ ಹಳದಿ ಬಂತಂತೆ" ಎಂದು ಯಾರಾದರೂ ಜಗಲಿಯಲ್ಲಿ ಕೂತು ಹೇಳಿದರೆ, ಎಲೆಅಡಿಕೆ ಮೆಲ್ಲುತ್ತಿದ್ದವರ ಬಾಯಿ ಅಲ್ಲಿಗೇ ನಿಲ್ಲುತ್ತಿತ್ತು. ಕೊಪ್ಪ, ಶೃಂಗೇರಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಡಿಕೆ ಸೋಗೆಯ ಗರಿಗಳ ತುದಿಯಲ್ಲಿ ಮೊದಲು ಅರಿಶಿನದ ಕೈ ತಾಗಿದ ಹಾಗೆ ಕಾಣುತ್ತದೆ. ನಡುದಂಟಿನ ಪಕ್ಕ ಮಾತ್ರ ಹಸಿರು ಉಳಿದಿರುತ್ತದೆ, ಅದನ್ನು ನೋಡಿ ಒಂದೆರಡು ವರ್ಷ ನಮಗೆ ನಾವೇ ಸಮಾಧಾನ ಹೇಳಿಕೊಳ್ಳಬಹುದು. ಆಮೇಲೆ ಸೋಗೆ ಗಿಡ್ಡವಾಗುತ್ತದೆ, ಕಾಯಿಯ ಒಳಗೆ ಕಪ್ಪಾಗುತ್ತದೆ. ಕೊಳೆರೋಗ ಬಂದರೆ ಬೋರ್ಡೋ ದ್ರಾವಣ ಹೊಡೆಯಬಹುದು, ಹಳದಿಗೆ ಹೊಡೆಯುವಂಥದ್ದು ಏನೂ ಇಲ್ಲ. ಚಿಕ್ಕಂದಿನಲ್ಲಿ ಬೆಟ್ಟದ ಮೇಲೆ ನಿಂತು ಕೆಳಗಿನ ತೋಟ ನೋಡುವಾಗ ನನ್ನ ಕಣ್ಣು ತಾನಾಗಿ ಹಳದಿಯನ್ನು ಹುಡುಕಿ, ಕಾಣದಿದ್ದರೆ ಸಮಾಧಾನ ಪಡುತ್ತಿತ್ತು.

ಇಂಥ ಕಣ್ಣು ಇಟ್ಟುಕೊಂಡು ನಾನು ಸಿಯಾಟಲ್‌ಗೆ ಬಂದೆ. ಮೊದಲ ವರ್ಷ ಸೆಪ್ಟೆಂಬರ್ ಕೊನೆಯಲ್ಲಿ ಆಫೀಸಿನ ಸಹೋದ್ಯೋಗಿಯೊಬ್ಬಳು ಸಂಭ್ರಮದಿಂದ, "ಲಾರ್ಚ್ ಮರಗಳೆಲ್ಲ ಹಳದಿಯಾಗಿವೆ!" ಎಂದಳು. ನನ್ನ ಬಾಯಿಂದ "ಅಯ್ಯೋ, ಎಷ್ಟು ಎಕರೆ?" ಎಂಬುದು ಇನ್ನೇನು ಹೊರಡುವುದರಲ್ಲಿತ್ತು. ಅವಳು ಫೋನಿನಲ್ಲಿ ಚಿತ್ರ ತೋರಿಸಿದಳು. ಗುಡ್ಡಕ್ಕೆ ಗುಡ್ಡವೇ ಹಳದಿ. ಇಲ್ಲಿಯವರು ಅದನ್ನು ನೋಡಲು ರಜೆ ಹಾಕಿ, ಗಂಟೆಗಟ್ಟಲೆ ಕಾರು ಓಡಿಸಿ, ಚೀಲ ಹೊತ್ತು ಬೆಟ್ಟ ಹತ್ತುತ್ತಾರೆ. ಪ್ರಾಸ ಕೂಡಿಸಿ 'ಲಾರ್ಚ್ ಮಾರ್ಚ್' ಎಂದು ಹೆಸರೂ ಇಟ್ಟಿದ್ದಾರೆ. ನಡೆಯುವುದು ಅಕ್ಟೋಬರಿನಲ್ಲಿ. ಒಟ್ಟಿನಲ್ಲಿ ಜಾತ್ರೆ, ತೇರಿನ ಬದಲು ಮರ.

ದೂರದಿಂದ ನೋಡಿದರೆ ಲಾರ್ಚ್ ನಮ್ಮ ಗಾಳಿಮರದ ಹಾಗೆ, ಸೂಜಿ ಎಲೆಯದ್ದು. ಆದರೆ ಪೈನ್, ಫರ್ ಮೊದಲಾದ ಅದರ ಇಲ್ಲಿಯ ನೆಂಟರೆಲ್ಲ ವರ್ಷವಿಡೀ ಹಸಿರಾಗಿರುವಾಗ ಇದೊಂದು ಮಾತ್ರ ಎಲೆ ಉದುರಿಸುತ್ತದೆ. ಕಾರಣ ತೀರಾ ಲೆಕ್ಕಾಚಾರದ್ದು. ಅಷ್ಟು ಎತ್ತರದಲ್ಲಿ ಚಳಿಗಾಲಕ್ಕೆ ನೆಲ ಹೆಪ್ಪುಗಟ್ಟಿ ಬೇರಿಗೆ ನೀರು ಸಿಗುವುದಿಲ್ಲ, ಮೇಲಿನಿಂದ ಗಾಳಿ ಎಲೆಯ ನೀರನ್ನು ಹೀರುತ್ತಲೇ ಇರುತ್ತದೆ. ಉಳಿದ ಮರಗಳು ಎಲೆಗೆ ಮೇಣ ಬಳಿದುಕೊಂಡು ಹಲ್ಲುಕಚ್ಚಿ ಕೂರುತ್ತವೆ. ಲಾರ್ಚ್ ಅಂಗಡಿಯ ಬಾಗಿಲನ್ನೇ ಹಾಕಿಬಿಡುತ್ತದೆ. ಹಾಕುವ ಮುಂಚೆ ಎಲೆಯಲ್ಲಿರುವ ಸಾರಜನಕದಂಥ ಬೆಲೆಬಾಳುವ ಸರಕನ್ನೆಲ್ಲ ಮರದೊಳಕ್ಕೆ ಸಾಗಿಸುತ್ತದೆ. ಹಸಿರು ಕರಗುತ್ತದೆ, ಮೊದಲಿನಿಂದಲೂ ಅದರಡಿ ಮುಚ್ಚಿಕೊಂಡಿದ್ದ ಹಳದಿ ಹೊರಗೆ ಬರುತ್ತದೆ. ಎರಡು ವಾರ, ಹೆಚ್ಚೆಂದರೆ ಮೂರು. ಆಮೇಲೆ ಬರೀ ಕಡ್ಡಿ.

ನೋಡಲೇಬೇಕು ಅನ್ನಿಸಿದ್ದು ಯಾವಾಗಲೋ. ನೋಡಲು ಸಿಕ್ಕಿದ್ದು ಮಾತ್ರ ಐದನೇ ವರ್ಷ. ಲಾರ್ಚ್ ಅಂದರೆ ಇಲ್ಲಿ ಎಲ್ಲರ ಬಾಯಲ್ಲೂ ಬರುವ ಹೆಸರು ಎನ್ಚಾಂಟ್‌ಮೆಂಟ್ಸ್. ಲೆವೆನ್‌ವರ್ತ್ ಎಂಬ ಊರಿನ ನೆತ್ತಿಯ ಮೇಲೆ ಗ್ರಾನೈಟ್ ಬಂಡೆ, ಕೆರೆ, ಶಿಖರಗಳ ಒಂದು ಬಟ್ಟಲು. ಬೆಳಿಗ್ಗೆ ಹೋಗಿ ರಾತ್ರಿಯೊಳಗೆ ಇಳಿದು ಬರುವವರಿಗೆ ಅಡ್ಡಿಯಿಲ್ಲ, ಹದಿನೆಂಟು ಮೈಲಿ ಒಂದೇ ದಿನ ನಡೆಯುವ ತಾಕತ್ತಿದ್ದರೆ ಸಾಕು. ಅಲ್ಲೇ ಟೆಂಟ್ ಹಾಕಿ ಮಲಗಬೇಕೆಂದರೆ ಮಾತ್ರ ಲಾಟರಿ. ಫೆಬ್ರವರಿ 15ರಿಂದ ಮಾರ್ಚ್ 1ರೊಳಗೆ ಅರ್ಜಿ, ಆಮೇಲೆ ಚೀಟಿ ಎತ್ತುತ್ತಾರೆ. ನಾಲ್ಕು ವರ್ಷ ನನಗೆ "ವಿಷಾದಿಸುತ್ತೇವೆ" ಎಂದೇ ಬಂತು. ಐದನೇ ಸಲ ಸಿಕ್ಕಾಗ ಊರಿಗೆ ಫೋನ್ ಮಾಡಿ ಹೇಳಿದೆ.

ಅಪ್ಪಯ್ಯ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಳದಿ ಮರ ನೋಡೋಕೂ ಅರ್ಜಿ ಹಾಕ್ಬೇಕಾ ಮಾರಾಯ?" ಎಂದರು. "ಇಲ್ಲಿ ನಾನೂ ಹಳದಿಗೇ ಪರಿಹಾರ ಕೊಡಿ ಅಂತ ಅರ್ಜಿ ಹಾಕಿ ಕೂತಿದೀನಿ. ನಿಂದೇ ಬೇಗ ಆಯ್ತು ಬಿಡು."

ಹೊರಟಿದ್ದು ಮೂರು ಜನ. ನಾನು, ಧಾರವಾಡದ ಒಬ್ಬ ಗೆಳೆಯ, ಮೈಸೂರಿನ ಒಬ್ಬಳು ಗೆಳತಿ. ಸಿಯಾಟಲ್‌ನಿಂದ ಎರಡೂವರೆ ಗಂಟೆಯ ದಾರಿ. ಘಾಟಿಯ ಪಶ್ಚಿಮದ ಮಗ್ಗುಲು ನಮ್ಮ ಆಗುಂಬೆಯೇ. ಮೋಡ, ಪಾಚಿ, ಒಂದರ ಮೇಲೊಂದು ಬಿದ್ದ ಹಾಗೆ ಕಡುಹಸಿರು ಮರ. ಸ್ಟೀವನ್ಸ್ ಪಾಸ್ ದಾಟಿ ಪೂರ್ವಕ್ಕೆ ಇಳಿದರೆ ಆಕಾಶ ಬಿಚ್ಚಿಕೊಂಡು ನೆಲ ಒಣಗುತ್ತ ಹೋಗುತ್ತದೆ. ಸಮುದ್ರದ ಮೋಡವನ್ನು ಬೆಟ್ಟ ತಡೆದು ಒಂದು ಕಡೆಯೇ ಕರೆದು ಬಿಡುವ ಅದೇ ಹಳೆಯ ಪಕ್ಷಪಾತ. ಲಾರ್ಚ್‌ಗೆ ಈ ಒಣ ಮಗ್ಗುಲೇ ಇಷ್ಟ. ಮಳೆಯ ಬದಿಯಲ್ಲಿ ಅದು ಸಂಸಾರ ಹೂಡುವುದಿಲ್ಲ.

ಮೊದಲ ದಿನ ಕೋಲ್‌ಚಕ್ ಕೆರೆಯವರೆಗೆ ಮಾತಾಡಿಕೊಂಡೇ ಹೋದೆವು. ಕೆರೆಯಾಚೆ ನಿಂತಿತ್ತು ಆಸ್‌ಗಾರ್ಡ್ ಪಾಸ್. ಮುಕ್ಕಾಲು ಮೈಲಿಯಲ್ಲಿ ಎರಡು ಸಾವಿರ ಅಡಿಗೂ ಹೆಚ್ಚು ಏರು. ಅಲ್ಲಿ ದಾರಿ ಅನ್ನುವುದೇ ಇಲ್ಲ, ಯಾರೋ ಲಾರಿಗಟ್ಟಲೆ ಜಲ್ಲಿ, ಗುಂಡುಕಲ್ಲು ತಂದು ಸುರಿದ ಹಾಗಿದೆ. ಮೂರು ಹೆಜ್ಜೆ ಹತ್ತಿದರೆ ಒಂದು ಹೆಜ್ಜೆ ಜಾರುತ್ತದೆ. ಆಸ್‌ಗಾರ್ಡ್ ಅಂದರೆ ನಾರ್ಸ್ ಪುರಾಣದಲ್ಲಿ ದೇವತೆಗಳು ಇರುವ ಲೋಕ. ಹೆಸರಿಟ್ಟವರು ತಮಾಷೆ ಮಾಡಿಲ್ಲ, ಇದು ಸ್ವರ್ಗಾರೋಹಣವೇ. ಒಬ್ಬೊಬ್ಬರೇ ಹಿಂದೆ ಉಳಿಯುತ್ತ ಹೋದರು. ಮೊದಲು ಮೈಸೂರು, ಆಮೇಲೆ ಧಾರವಾಡ. ಧರ್ಮರಾಯನ ಹಾಗೆ ನಾನೊಬ್ಬನೇ ಮುಂದೆ ಎಂದು ಬೀಗುವಷ್ಟರಲ್ಲಿ ನೆನಪಾಯಿತು: ಈ ಬೆಟ್ಟಕ್ಕೆ ನಾಯಿ ತರುವ ಹಾಗಿಲ್ಲ. ಕೆಳಗೇ ಬೋರ್ಡು ಹಾಕಿದ್ದಾರೆ. ಧರ್ಮರಾಯ ಬಂದಿದ್ದರೆ ಪಾರ್ಕಿಂಗ್‌ನಿಂದಲೇ ವಾಪಸು ಹೋಗಬೇಕಿತ್ತು. ಅಷ್ಟರಲ್ಲಿ ಅರವತ್ತು ದಾಟಿದ ಒಬ್ಬಾಕೆ ಎರಡು ಕೋಲು ಊರಿಕೊಂಡು, "ಗುಡ್ ಜಾಬ್" ಎಂದು ನನ್ನ ಬೆನ್ನು ತಟ್ಟಿ, ದಾಟಿಕೊಂಡು ಹೋದರು.

ಮೇಲೆ ಹತ್ತಿದ ಮೇಲೂ ಮೊದಲು ಕಂಡದ್ದು ಬರೀ ಕಲ್ಲು, ನೀರು. ಒಂದು ಗಂಟೆ ನಡೆದು ಕೆಳಗಿನ ಕೆರೆಗಳ ಕಡೆ ಇಳಿದಾಗ ಬಂಡೆಯ ಸಂದಿನಿಂದ ಮೊದಲ ಮರ ಕಾಣಿಸಿತು.

ಹಳದಿ ಎಂದರೆ ಎಂಥ ಹಳದಿ? ಸೇವಂತಿಗೆಯದ್ದಲ್ಲ, ನಿಂಬೆಯದ್ದೂ ಅಲ್ಲ. ಮಧ್ಯಾಹ್ನದ ಬಿಸಿಲಿಗೆ ಎದುರಾಗಿ ನಿಂತ ಮರ, ಒಳಗೆ ಯಾರೋ ದೀಪ ಹಚ್ಚಿಟ್ಟ ಹಾಗಿತ್ತು. ನನ್ನ ಎದೆ ಮಾತ್ರ ಹಳೆಯ ಅಭ್ಯಾಸಕ್ಕೆ ಒಮ್ಮೆ ಧಸಕ್ಕೆಂದಿತು. ಕಣ್ಣಿಗೆ ಹಬ್ಬ, ಹೊಟ್ಟೆಯಲ್ಲಿ ಸಂಕಟ, ಎರಡೂ ಒಟ್ಟಿಗೆ. ಹತ್ತಿರ ಹೋಗಿ ಒಂದು ಕೊಂಬೆ ಹಿಡಿದು ನೋಡಿದೆ. ಸೂಜಿ ಎಲೆ ಅಂದರೆ ಚುಚ್ಚುತ್ತದೆ ಎಂದುಕೊಂಡಿದ್ದವನಿಗೆ ಬೆಕ್ಕಿನ ಮೈ ಮುಟ್ಟಿದಂತಾಯಿತು. ಕೊಂಬೆಯ ತುಂಬ ಪುಟ್ಟ ಪುಟ್ಟ ಗಂಟು, ಒಂದೊಂದು ಗಂಟಿನಿಂದ ಮೂವತ್ತು ನಲವತ್ತು ಎಲೆಯ ಒಂದೊಂದು ಕುಚ್ಚು. ಎಳೆಯ ಕಡ್ಡಿಗಳ ಮೇಲೆ ಬೂದುಬಿಳಿ ಹತ್ತಿಯಂಥ ರೋಮ. ತಪ್ಪಲಿನಲ್ಲಿ ಬೆಳೆಯುವ ದೊಡ್ಡ ಲಾರ್ಚ್‌ಗೆ ಈ ಸ್ವೆಟರ್ ಇಲ್ಲ, ಎತ್ತರದ ಈ ಜಾತಿಗೆ ಮಾತ್ರ. ಇದರ ಶಾಸ್ತ್ರೀಯ ಹೆಸರಿನಲ್ಲಿ ಡೇವಿಡ್ ಲಾಯಲ್ ಎಂಬ ಸ್ಕಾಟಿಷ್ ವೈದ್ಯನ ಹೆಸರಿದೆ. ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷರು, ಅಮೆರಿಕನ್ನರು ಇಲ್ಲಿ ಗಡಿ ಸರ್ವೆ ಮಾಡುವಾಗ ಜೊತೆಗಿದ್ದು, ಗಿಡಮರ ಸಂಗ್ರಹಿಸುತ್ತಿದ್ದವನು. ಈ ಮರದ ದಾಯಾದಿಯೊಂದು ನಮ್ಮ ಸಿಕ್ಕಿಮ್‌ನಲ್ಲೂ ಇದೆ.

ಇನ್ನೊಂದು ವಿಷಯ ಕೇಳಿ ನನ್ನೊಳಗಿನ ತೋಟಗಾರ ಸುಸ್ತಾದ. ಈ ಮರ ನೆಟ್ಟಗೆ ಕಾಯಿ ಕಟ್ಟಬೇಕಾದರೆ ನೂರು ವರ್ಷದ ಹತ್ತಿರ ಬೇಕಂತೆ. ಅಡಿಕೆ ಸಸಿ ಐದಾರು ವರ್ಷಕ್ಕೆ ಹಿಂಗಾರ ಬಿಡದಿದ್ದರೆ ನಮ್ಮಲ್ಲಿ ಗೊಬ್ಬರದಿಂದ ಹಿಡಿದು ಜಾತಕದವರೆಗೆ ಎಲ್ಲದರ ಮೇಲೂ ಅನುಮಾನ ಬರುತ್ತದೆ.

ಟೆಂಟ್ ಹಾಕಿದ್ದು ಪರ್ಫೆಕ್ಷನ್ ಎಂಬ ಕೆರೆಯ ಹತ್ತಿರ. ರಾತ್ರಿ ಚಳಿ ಸೊನ್ನೆಗಿಂತ ಕೆಳಗೆ. ಬೆಟ್ಟದ ಚಳಿಗೆ ತನ್ನದೇ ಮಡಿ ಇದೆ. ನೀರಿನ ಬಾಟಲಿಯನ್ನು ತಲೆಕೆಳಗು ಮಾಡಿ ಇಡಬೇಕು. ಮಂಜುಗಡ್ಡೆ ಮೇಲಿನಿಂದ ಕಟ್ಟುವುದರಿಂದ ಬೆಳಿಗ್ಗೆ ಮುಚ್ಚಳದ ಕಡೆ ನೀರಾಗಿಯೇ ಇರುತ್ತದೆ. ನೀರು ಸೋಸುವ ಫಿಲ್ಟರನ್ನು ಮಗುವಿನ ಹಾಗೆ ಮಲಗುವ ಚೀಲದೊಳಗೆ ತಬ್ಬಿಕೊಂಡು ಮಲಗಬೇಕು, ಹೆಪ್ಪುಗಟ್ಟಿದರೆ ಅದರ ಒಳಗಿನ ಎಳೆಗಳು ಒಡೆಯುತ್ತವೆ. ಇನ್ನು ಬೆಟ್ಟದ ಬಿಳಿ ಮೇಕೆಗಳ ಪುರಾಣ. ಅವುಗಳಿಗೆ ಉಪ್ಪಿನ ಹುಚ್ಚು. ಆ ಉಪ್ಪು ಅವುಗಳಿಗೆ ಸುಲಭವಾಗಿ ಸಿಗುವುದು ಮನುಷ್ಯನ ಮೂತ್ರದಲ್ಲಿ. ಆದ್ದರಿಂದ ಗಿಡದ ಬುಡದಲ್ಲಿ ಕೂರಬೇಡಿ, ಬಂಡೆಯ ಮೇಲೆ ಮಾಡಿ, ಇಲ್ಲದಿದ್ದರೆ ಮೇಕೆ ಗಿಡ ಕಿತ್ತು ನೆಲ ಅಗೆಯುತ್ತದೆ ಎನ್ನುತ್ತಾರೆ. ನಡುರಾತ್ರಿ ಎದ್ದು ಹೊರಗೆ ಹೋದರೆ ಹತ್ತು ಮಾರು ದೂರದಲ್ಲಿ ಒಂದು ಮೇಕೆ, ತೀರ್ಥಕ್ಕೆ ಸಾಲಿನಲ್ಲಿ ನಿಂತ ಭಕ್ತನ ಹಾಗೆ ತಾಳ್ಮೆಯಿಂದ ಕಾಯುತ್ತಿತ್ತು. ಇಂಥ ಸಂದರ್ಭದಲ್ಲಿ ಕೆಲಸ ಬೇಗ ಆಗುವುದಿಲ್ಲ.

ಎರಡನೇ ದಿನ ಶಿಖರ. ಅದರ ಹೆಸರು ಲಿಟ್ಲ್ ಅನ್ನಪೂರ್ಣ. ಹಿಮಾಲಯದ ಅನ್ನಪೂರ್ಣೆ 8,091 ಮೀಟರ್, ಇದು 8,440 ಅಡಿ. ಅಂಕಿ ಇದರದ್ದೇ ದೊಡ್ಡದು, ಘಟಕ ಮಾತ್ರ ಬೇರೆ. ಹಾಗಂತ ಹಗುರ ಮಾಡುವಂತಿಲ್ಲ. ಮೀಟರಿಗೆ ಇಳಿಸಿದರೂ ನಮ್ಮ ಮುಳ್ಳಯ್ಯನಗಿರಿಗಿಂತ ಆರುನೂರು ಮೀಟರ್ ಮೇಲೆಯೇ. ಹಗ್ಗ, ಗೂಟ ಏನೂ ಬೇಡ, ಬಂಡೆ ಹಾಸಿನ ಮೇಲೆ ಉಸಿರು ಹಿಡಿದು ನಡೆಯುತ್ತ ಹೋದರೆ ತುದಿ. ಅಲ್ಲಿಗೆ ನೆಲ ಮುಗಿದು, ದಕ್ಷಿಣಕ್ಕೆ ನೇರ ಕಮರಿ. ಪಕ್ಕದಲ್ಲಿ ಮೌಂಟ್ ಸ್ಟುವರ್ಟ್ ಕಪ್ಪಗೆ ನಿಂತಿತ್ತು, ದೂರದಲ್ಲಿ ರೇನಿಯರ್ ಯಾರೋ ಮರೆತು ಬಿಟ್ಟುಹೋದ ಮೊಸರನ್ನದ ರಾಶಿಯ ಹಾಗೆ. ಹಿಂತಿರುಗಿ ನೋಡಿದರೆ ಕೆಳಗೆ ಕೆರೆಗಳ ಸುತ್ತ ಹಳದಿ. ನಾನು ಮತ್ತೆ ಬೆಟ್ಟದ ಮೇಲೆ ನಿಂತು ಕೆಳಗಿನ ತೋಟ ನೋಡುವ ಹುಡುಗನಾಗಿದ್ದೆ. ಈ ಸಲ ಲೆಕ್ಕ ಮಾತ್ರ ತಲೆಕೆಳಗು. ಎಲ್ಲಿ ಹಳದಿ ಇಲ್ಲವೋ ಅಲ್ಲಿ "ಛೆ" ಅನ್ನುತ್ತಿದ್ದೆ.

ತುದಿಯಲ್ಲಿ ಕೂತು ಗೊಜ್ಜವಲಕ್ಕಿ ತಿಂದೆವು. ಅಷ್ಟು ಎತ್ತರದಲ್ಲಿ ನೀರು 91-92 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ, ಅಕ್ಕಿ ಬೇಯಿಸಲು ಹೊರಟರೆ ಗ್ಯಾಸ್ ಮುಗಿಯುತ್ತದೆ, ಅನ್ನವಾಗುವುದಿಲ್ಲ. ಇಲ್ಲಿಯ ಅಂಗಡಿಯಲ್ಲಿ ಬೆಟ್ಟಕ್ಕೆಂದೇ ಮಾರುವ ಒಣಗಿಸಿದ ಊಟದ ಪೊಟ್ಟಣಗಳ ಬೆಲೆ ಕೇಳಿದಾಗಲೆಲ್ಲ, ಅವಲಕ್ಕಿ ಕಂಡುಹಿಡಿದವನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತೇನೆ.

ಕೆಳಗಿಳಿದು ಕೆರೆಯ ದಂಡೆಗೆ ಬಂದಾಗ ಧಾರವಾಡದವನು ಇದ್ದಕ್ಕಿದ್ದಂತೆ ನಿಂತ. "ಏ, ಇವತ್ತ ದಸಮಿ ಅಲ್ಲೇನೋ?" ಎಂದ. ಹೌದು, ವಿಜಯದಶಮಿ. ಮೂವರಿಗೂ ಮರೆತೇಹೋಗಿತ್ತು. ಅವನು ಬಗ್ಗಿ ನೀರಿನಂಚಿನಲ್ಲಿ ಹೆಣೆದುಕೊಂಡು ಬಿದ್ದಿದ್ದ ಲಾರ್ಚ್ ಎಲೆಯನ್ನು ಬೊಗಸೆಯಲ್ಲಿ ಎತ್ತಿ, ನೀರು ಹಿಂಡಿ, ನಮ್ಮ ಅಂಗೈಗೆ ಒಂದೊಂದು ಚಿಟಿಕೆ ಹಾಕಿದ. "ತಗೋರಿ. ಬಂಗಾರ ತಗೊಂಡು ಬಂಗಾರದಂಗ ಇರೋಣು." ಮಲೆನಾಡಿನ ನನಗೆ ಬನ್ನಿ ಹಂಚುವ ಪದ್ಧತಿ ಅವನ ಮನೆಯಲ್ಲೇ ಮೊದಲು ಗೊತ್ತಾದದ್ದು. ಹಸಿರು ಎಲೆ ಕೊಟ್ಟು ಬಂಗಾರ ಅನ್ನುತ್ತಾರಲ್ಲ ಎಂದು ಆಗ ನಕ್ಕಿದ್ದೆ. ಈಗ ಅಂಗೈಯಲ್ಲಿ ನಿಜಕ್ಕೂ ಬಂಗಾರದ ಬಣ್ಣದ್ದೇ ಇತ್ತು, ಒದ್ದೆಯಾಗಿ, ತಣ್ಣಗೆ. ಮೈಸೂರಿನವಳು ಜಂಬೂಸವಾರಿಯಿಲ್ಲದ ದಸರೆ ದಸರೆಯೇ ಅಲ್ಲ ಎಂದು ಗೊಣಗಿದಳು. ಬಂಡೆಯ ಮೇಲೆ ಆ ಬಿಳಿ ಮೇಕೆ ಗಾಂಭೀರ್ಯದಿಂದ ಹಾದುಹೋಯಿತು. ಅಷ್ಟಕ್ಕೇ ತೃಪ್ತಿಪಟ್ಟುಕೊಂಡಳು.

ಮಾರನೇ ದಿನದ ಇಳಿತದ ಬಗ್ಗೆ ನನ್ನ ಮೊಣಕಾಲನ್ನು ಕೇಳಿ, ನನ್ನನ್ನು ಕೇಳಬೇಡಿ.

ಮನೆಗೆ ಬಂದು ಊರಿಗೆ ವಿಡಿಯೊ ಕಾಲ್ ಮಾಡಿ ಚಿತ್ರಗಳನ್ನು ತೋರಿಸಿದೆ. ಅಮ್ಮನಿಗೆ ಶಿಖರದ ಹೆಸರು ಕೇಳಿ ಖುಷಿಯಾಯಿತು, ಊಟದ ವಿವರ ಕೇಳಿ ಬೇಸರವಾಯಿತು. "ಅನ್ನಪೂರ್ಣೆ ತಲೆ ಮೇಲೆ ಕೂತು ಅವಲಕ್ಕಿ ತಿಂದ್ಯಾ? ಹೊರನಾಡಿಗೆ ಹೋಗಿದ್ರೆ ಪಾಯಸದ ಊಟವೇ ಸಿಗ್ತಿತ್ತಲ್ಲೋ."

ಅಪ್ಪಯ್ಯ ಮಾತಾಡಲಿಲ್ಲ. ಕನ್ನಡಕ ಹಣೆಗೇರಿಸಿ ಫೋನನ್ನು ಮೂಗಿನ ಹತ್ತಿರ ಹಿಡಿದು ನೋಡುತ್ತಿದ್ದರು. ಎಲ್ಲರೂ ನೋಡುವ ಕಡೆ ಅವರ ಕಣ್ಣಿರಲಿಲ್ಲ.

"ಈ ಮೂಲೇಲಿ ಒಂದು ಹಸಿರು ಉಂಟಲ್ಲ. ಅದೆಂತ? ಅದಕ್ಕೆ ಹತ್ಲಿಲ್ವಾ?"

"ಅದು ಬೇರೆ ಜಾತಿ ಅಪ್ಪಯ್ಯ. ವೈಟ್‌ಬಾರ್ಕ್ ಪೈನ್ ಅಂತ. ಹಳದಿ ಇರೋದೆಲ್ಲ ಗಟ್ಟಿಮುಟ್ಟಾಗಿವೆ, ಮುಂದಿನ ಬೇಸಿಗೆಗೆ ಚಿಗುರುತ್ತವೆ. ರೋಗ ಇರೋದು ಆ ಹಸಿರಿನ ಜಾತಿಗೇ."

ಹೇಳಿದೆ. ನೂರು ವರ್ಷಕ್ಕೂ ಹಿಂದೆ ಯುರೋಪಿನಿಂದ ನರ್ಸರಿ ಸಸಿಗಳ ಜೊತೆ ಹಡಗು ಹತ್ತಿ ಬಂದ ಒಂದು ಶಿಲೀಂಧ್ರ. ತೊಗಟೆಯೊಳಗೆ ಇಳಿದು ಕೊಂಬೆ ಕೊಂಬೆಯಾಗಿ ಒಣಗಿಸುತ್ತದೆ. 2022ರಲ್ಲಿ ಇಲ್ಲಿಯ ಸರ್ಕಾರ ಆ ಮರವನ್ನು ಅಪಾಯದಲ್ಲಿರುವ ಜಾತಿಗಳ ಪಟ್ಟಿಗೆ ಸೇರಿಸಿತು.

ಅಪ್ಪಯ್ಯ ಇನ್ನೂ ಆ ಮೂಲೆಯನ್ನೇ ನೋಡುತ್ತಿದ್ದರು.

"ಔಷಧಿ?"

"ಇಲ್ಲ. ರೋಗ ಬಂದ ಕಾಡಲ್ಲಿ ಯಾವ ಮರ ಸಾಯದೆ ಉಳಿದಿದೆ ನೋಡಿ, ಅದರ ಬೀಜದಿಂದ ಸಸಿ ಮಾಡ್ತಿದಾರೆ."

"ಇಲ್ಲೂ ಹಾಗೇ ಹೇಳ್ತಾರೆ," ಎಂದು ಫೋನನ್ನು ಅಮ್ಮನ ಕೈಗೆ ಕೊಟ್ಟು ತೋಟದ ಕಡೆ ಹೊರಟರು.